ಮಾಯವ್ವನ ಪಾದದ ಉಬ್ಬು

ಯಂತ್ರಕ್ಕೆ ಗೊತ್ತಿಲ್ಲದ್ದು ಕಣ್ಣಿಗೆ ಬಿದ್ದರೆ ಅದಕ್ಕೆ ಗಡ್ಡೆ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುತ್ತದೆ. ಧಾರವಾಡದ ಗುಡ್ಡದ ಮೇಲಿದ್ದ ನರ-ಸ್ನಾಯು ಸಂಶೋಧನಾಲಯದ ಬಾಗಿಲಲ್ಲಿ, ನೆಲದೊಳಗೇ ಹುದುಗಿಸಿಟ್ಟಿದ್ದ ತಪಾಸಣೆಯ ಹಾಸು ಅಂದು ಬೆಳಿಗ್ಗೆ ಮಾಡಿದ್ದೂ ಅದನ್ನೇ. ಯಾರೋ ಮುದುಕಿ ಅದರ ಮೇಲೆ ಕಾಲಿಟ್ಟಿದ್ದೇ ತಡ ಗಂಟೆ ಬಡಿದುಕೊಂಡಿತು. ಕಂಟ್ರೋಲ್ ರೂಮಿನ ಪರದೆಯ ತುಂಬ ಕೆಂಪು ಅಕ್ಷರ ಮೂಡಿದವು: ‘ಎರಡೂ ಪಾದಗಳ ಮೇಲೆ ಅಪರಿಚಿತ ಗಡ್ಡೆ. ಕತ್ತರಿಸಿ ತೆಗೆಯಲು ಶಿಫಾರಸು.’

ಡಾಕ್ಟರ್ ಇಂದುಮತಿ ಕಿತ್ತೂರ ಆಗಷ್ಟೇ ಚಹಾದ ಕಪ್ಪಿಗೆ ತುಟಿ ಹಚ್ಚಿದ್ದಳು. ಇಪ್ಪತ್ತು ವರ್ಷದಿಂದ ಅಂಗರಚನೆ ಕಲಿಸುತ್ತಿದ್ದವಳು. ಬದುಕಿದವರಿಗಿಂತ ಸತ್ತವರ ದೇಹವೇ ಅವಳಿಗೆ ಹೆಚ್ಚು ಪರಿಚಯ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಪರದೆಯ ಮೇಲಿನ ಚಿತ್ರ ನೋಡಿದವಳು ಆ ಕಪ್ಪನ್ನು ಎಲ್ಲಿಟ್ಟಳೆಂಬುದು ಅವಳಿಗೆ ಆಮೇಲೂ ನೆನಪಾಗಲಿಲ್ಲ.

“ದಸ್ತಗೀರ, ಇದು ಗಡ್ಡಿ ಅಲ್ಲ,” ಎಂದಳು. “ಇದು ಸ್ನಾಯು. ಜೀವಂತ ಸ್ನಾಯು!”

ದಸ್ತಗೀರ ಅಲ್ಲಿನ ಎಂಜಿನಿಯರ್. ನರಗಳಲ್ಲಿ ಹರಿಯುವ ಸಣ್ಣ ಸಣ್ಣ ವಿದ್ಯುತ್ತನ್ನು ಓದಿ ಗೆರೆಯಾಗಿ ಬಿಡಿಸುವುದು ಅವನ ಕೆಲಸ, ಎಲ್ಲರನ್ನೂ ಛೇಡಿಸುವುದು ಅವನ ಹವ್ಯಾಸ. “ಮೇಡಂ, ಪಾದದ ಮ್ಯಾಲೆ ಸ್ನಾಯು ಎಲ್ಲಿಂದ ಬರಬೇಕ್ರಿ? ಅದು ನಿಮ್ಮ ಪುಸ್ತಕದಾಗ ಇರ್ತದ, ಅಷ್ಟ,” ಎಂದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಡೆಬೂಟು ಬಂದು ಆಗಲೇ ಎಪ್ಪತ್ತು ವರ್ಷವಾಗಿತ್ತು. ಮೊಣಕಾಲು ಸವೆದ ಮುದುಕರಿಗೆಂದು ಬಂದದ್ದು, ನೋಡನೋಡುತ್ತ ಎಲ್ಲರ ಕಾಲಿಗೂ ಏರಿಬಿಟ್ಟಿತು. ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ, ಕಲ್ಲಿದೆಯೋ ಕೆಸರಿದೆಯೋ ಬೂಟಿಗೇ ತಿಳಿಯುತ್ತಿತ್ತು. ಹೆಜ್ಜೆಯನ್ನು ಅದೇ ಎತ್ತಿ ಅದೇ ಇಡುತ್ತಿತ್ತು. ಒಳಗಿದ್ದ ಬೆರಳುಗಳು ಸುಮ್ಮನೆ ಸವಾರಿ ಮಾಡುತ್ತಿದ್ದವು. ಮಗುವಿಗೆ ವರ್ಷ ತುಂಬಿದಾಗ ಬೂಟು ತೊಡಿಸುವುದು ಜಾವಳದಷ್ಟೇ ದೊಡ್ಡ ಸಮಾರಂಭವಾಗಿತ್ತು. ಕೆಲಸವಿಲ್ಲದ ಸ್ನಾಯು ಬತ್ತದೆ ಇನ್ನೇನು ಮಾಡೀತು? ಹುಟ್ಟುವಾಗ ಎಲ್ಲರ ಪಾದದಲ್ಲೂ ಇರುವ ಆ ಪುಟ್ಟ ಸ್ನಾಯು, ಶಾಲೆಗೆ ಸೇರುವಷ್ಟರಲ್ಲಿ ಹೆಸರಿಗೊಂದು ಬಿಳಿ ನಾರಾಗಿ ಉಳಿಯುತ್ತಿತ್ತು. ಇಂದುಮತಿ ಅದರ ಚಿತ್ರ ಬಿಡಿಸಿ ಪಾಠ ಹೇಳಿದ್ದಳು. ಹೆಣದ ಪಾದದಲ್ಲಿ ಅದರ ನಾರನ್ನು ಚಿಮಟದಿಂದ ಎತ್ತಿ ತೋರಿಸಿದ್ದಳು. ಸ್ನಾನದ ಹೊತ್ತಿನಲ್ಲಿ ಬೂಟು ಕಳಚಿದಾಗ ತನ್ನ ಕಾಲ್ಬೆರಳನ್ನು ಎತ್ತಲು ಎಷ್ಟೋ ಸಲ ಯತ್ನಿಸಿದ್ದಳು. ಅವು ಮಿಸುಕುತ್ತಿರಲಿಲ್ಲ.

ಅವಳು ಮೆಟ್ಟಿಲಿಳಿದು ಬಾಗಿಲಿಗೆ ಓಡಿದಳು. ಓಡಿದ್ದು ಬೂಟು, ಅವಳು ಜೊತೆಗೆ ಹೋದಳು ಅಷ್ಟೆ.

ಬಾಗಿಲಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಗಂಟೆಯ ಸದ್ದಿಗೆ ಗಾಬರಿಯಾಗಿ ನಿಂತಿದ್ದಳು. ಹಸಿರು ಇಳಕಲ್ ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ, ಬರಿಗಾಲು. ತೊಗಲಿನ ಚಪ್ಪಲಿ ಜೋಡಿಯನ್ನು ಹೊರಗಿನ ಮೆಟ್ಟಿಲ ಮೇಲೆ ನೀಟಾಗಿ ಬಿಟ್ಟು ಬಂದಿದ್ದಳು. ಅವಳ ಸೆರಗು ಹಿಡಿದು ಏಳು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಹುಡುಗಿಯ ಕಾಲಲ್ಲಿ ಪುಟ್ಟ ನಡೆಬೂಟು, ಬಲಗಣ್ಣಿನ ಮೇಲೆ ಅಂಟುಪಟ್ಟಿ.

“ನಾ ಏನೂ ಮುಟ್ಟಿಲ್ರಿ ಬಾಯಾರ,” ಎಂದಳು ಮುದುಕಿ. “ದವಾಖಾನಿ ಅಂದ್ರ ಗುಡಿ ಇದ್ದಂಗ ಅಂತ ಚಪ್ಪಲಿ ಹೊರಗ ಬಿಟ್ಟು ಬಂದೆ. ಅಷ್ಟಕ್ಕ ಹಿಂಗ ಹೊಯ್ಕೊಂತಲ್ಲ!”

ಇಂದುಮತಿ ನೆಲದ ಮೇಲೆ ಕೂತೇಬಿಟ್ಟಳು. ಮುದುಕಿಯ ಎರಡೂ ಪಾದಗಳ ಮೇಲೆ, ಹೊರಗಡೆಯ ಹಿಮ್ಮಡಿಗಂಟಿನ ಸ್ವಲ್ಪ ಮುಂದೆ, ಲಿಂಬೆಹಣ್ಣಿನ ಹೋಳು ಬೋರಲು ಇಟ್ಟಷ್ಟು ಗುಂಡಗೆ ಉಬ್ಬಿತ್ತು. ಪುಸ್ತಕದಲ್ಲಿ ಹೇಳಿದ ಜಾಗವೇ. ಹಿಮ್ಮಡಿ ಮೂಳೆಯ ಮೇಲಿಂದ ಹೊರಟು, ಪಾದವನ್ನು ಓರೆಯಾಗಿ ದಾಟಿ, ನಾಲ್ಕು ದಾರಗಳಾಗಿ ಕವಲೊಡೆದು ಹೆಬ್ಬೆರಳಿನಿಂದ ನಾಲ್ಕನೆಯ ಬೆರಳಿನವರೆಗೆ ಹೋಗುವ ಸ್ನಾಯು. ಕಿರುಬೆರಳಿಗೆ ಮಾತ್ರ ಅದು ಏನೂ ಕೊಡುವುದಿಲ್ಲ. ಯಾಕೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಿಂದಿನ ಕಾಲದ ಡಾಕ್ಟರರೂ ಕಾಲು ಉಳುಕಿ ಬಂದವರ ಈ ಉಬ್ಬನ್ನು ಬಾವೆಂದು ತಿಳಿದು ಎಷ್ಟೋ ಸಲ ಮೋಸಹೋಗಿದ್ದರಂತೆ. ಯಂತ್ರವೊಂದನ್ನೇ ಬೈದರೆ ಏನು ಬಂತು!

ಅವಳು ಬೆರಳಿನಿಂದ ಆ ಉಬ್ಬನ್ನು ಮುಟ್ಟಿದಳು. ಅದು ಬೆಚ್ಚಗಿತ್ತು, ಬೆರಳಿನಡಿ ಒಮ್ಮೆ ಜಿಗಿಯಿತು.

“ಅಯ್ಯಯ್ಯ, ಕಾಲ್ ಮುಟ್ಟಬ್ಯಾಡ್ರಿ!” ಮುದುಕಿ ಕಾಲನ್ನು ಸರಕ್ಕನೆ ಸೀರೆಯ ನೆರಿಗೆಯೊಳಗೆ ಎಳೆದುಕೊಂಡಳು. ಬಗ್ಗಿ ಇಂದುಮತಿಯ ಕೈ ಮುಟ್ಟಿ ತನ್ನ ಕಣ್ಣಿಗೊತ್ತಿಕೊಂಡಳು. “ಕಲಿತಾವ್ರು ನೀವು. ನನ್ನ ಕಾಲು ನಿಮ್ಮ ಕೈಗೆ ತಾಗಿದ್ರ ಪಾಪ ಯಾರಿಗ್ರಿ?”

ಅವಳ ಹೆಸರು ಮಾಯವ್ವ. ಅಥಣಿ ಕಡೆಯ ಊರಿನವಳು, ತಲೆಮಾರುಗಳಿಂದ ಚಪ್ಪಲಿ ಮಾಡುವ ಮನೆತನ, ನಡೆಬೂಟನ್ನು ಒಮ್ಮೆಯೂ ತೊಟ್ಟವಳಲ್ಲ. ಈಗ ಆ ಚಪ್ಪಲಿಯನ್ನು ಮದುಮಕ್ಕಳು ಫೋಟೋಕ್ಕೆಂದು ಅರ್ಧ ತಾಸು ಮೆಟ್ಟಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಮಾಯವ್ವನ ಮಗಳು ಸುವರ್ಣಾ ಹುಬ್ಬಳ್ಳಿಯಲ್ಲಿ ನಡೆಬೂಟು ರಿಪೇರಿ ಮಾಡುತ್ತಿದ್ದಳು. ಬಂದ ಹುಡುಗಿ ಕೇತಕಿ ಸುವರ್ಣಾಳ ಮಗಳು. ಹಿಂದಿನ ವರ್ಷ ಬಂದ ಜ್ವರವೊಂದು ಅವಳ ಮುಖದ ಬಲಭಾಗದ ನರವನ್ನು ಸುಟ್ಟುಹಾಕಿ ಹೋಗಿತ್ತು. ಬಲಗಣ್ಣು ಮುಚ್ಚುತ್ತಿರಲಿಲ್ಲ. ಮುಚ್ಚದ ಕಣ್ಣು ಒಣಗಿ ಒಣಗಿ ಮಂಜಾಗತೊಡಗಿತ್ತು. ಹೀಗೇ ಬಿಟ್ಟರೆ ವರ್ಷದೊಳಗೆ ದೃಷ್ಟಿ ಹೋಗುತ್ತದೆ ಎಂದು ಮೂರು ಕಡೆ ಹೇಳಿದ್ದರು.

“ಅದಕ್ಕಿಂತ ದೊಡ್ಡದು ಇನ್ನೊಂದೈತ್ರಿ,” ಎಂದಳು ಮಾಯವ್ವ, ಹುಡುಗಿಯನ್ನು ಆಚೆ ಮೀನಿನ ತೊಟ್ಟಿ ನೋಡಲು ಕಳಿಸಿ. “ಕೂಸು ನಗೂದು ಬಿಟ್ಟೈತಿ. ನಕ್ಕರ ಮಾರಿ ಒಂದ ಕಡೆ ಎಳೀತೈತಿ. ಸಾಲ್ಯಾಗ ಹುಡುಗರು ಆಡ್ಕೊಂಡ್ರಂತ. ಈಗ ನಗು ಬಂದ್ರ ಕೈಲೆ ಬಾಯಿ ಮುಚ್ಕೊಂತಾಳ. ಮೊನ್ನಿಂದ ಅದೂ ಇಲ್ಲ.”

ಇಂದುಮತಿ ಮೀನಿನ ತೊಟ್ಟಿಯ ಕಡೆ ನೋಡಿದಳು, ಮಾಯವ್ವನ ನೆರಿಗೆಯ ಕಡೆ ನೋಡಿದಳು. ನೂರಿಪ್ಪತ್ತು ವರ್ಷದ ಹಿಂದಿನ ಶಸ್ತ್ರವೈದ್ಯರ ಬರಹವೊಂದು ನೆನಪಾಯಿತು. ಪಾದದ ಈ ಸ್ನಾಯುವನ್ನು ಅವರು ನರ ಸತ್ತುಹೋದ ಮುಖಕ್ಕೆ ಕಸಿ ಮಾಡಲು ಹೊರಟಿದ್ದರು. ಯಾಕೆಂದರೆ ಅದು ತೆಳ್ಳಗಿದೆ, ನಾಲ್ಕು ದಾರ ಬೇರೆ ಬೇರೆಯಾಗಿ ಎಳೆಯುತ್ತದೆ, ತೆಗೆದರೂ ನಡಿಗೆಗೆ ಧಕ್ಕೆಯಿಲ್ಲ. ಕಣಕಾಲಿನಿಂದ ಇಳಿದು ಬರುವ ಉದ್ದ ಸ್ನಾಯುಗಳು ಬೆರಳೆತ್ತುವ ಕೆಲಸವನ್ನು ಹೇಗೋ ನಿಭಾಯಿಸುತ್ತವೆ. ಲ್ಯಾಬಿನಲ್ಲಿ ಮಾಂಸ ಬೆಳೆಸಲು ಕಲಿತ ಮೇಲೂ ನಾಲ್ಕು ದಾರದ ಇಂಥದೊಂದನ್ನು ಬೆಳೆಸಲು ಯಾರಿಗೂ ಬಂದಿರಲಿಲ್ಲ. ಕೇತಕಿಯ ಪಾದದಲ್ಲಿ ಅದು ಬತ್ತಿಹೋಗಿತ್ತು. ಅಜ್ಜಿಯ ಪಾದದಲ್ಲಿ ಒಂದಲ್ಲ, ಎರಡಿದ್ದವು.

*

ಮರುದಿನ ಮಧ್ಯಾಹ್ನ ಇಂದುಮತಿ ಹುಬ್ಬಳ್ಳಿಗೆ ಸುವರ್ಣಾಳ ಮನೆಗೆ ಹೋದಳು. ಅಂಗಡಿಯ ಹಿಂದೆಯೇ ಮನೆ. ಹೊಸ್ತಿಲ ತನಕ ಬಿಚ್ಚಿಟ್ಟ ಬೂಟುಗಳು. ಬೇರೆಯವರ ಮಾಂಸ ಮೈಗೆ ಒಗ್ಗುವುದಿಲ್ಲವೆಂಬ ಹಳೆಯ ತೊಡಕು ಈಗಿಲ್ಲ, ವಾರದ ಮದ್ದಿನಲ್ಲಿ ಅದು ಬಗೆಹರಿಯುತ್ತದೆ ಎಂದು ವಿವರಿಸಿದಳು. ಸುವರ್ಣಾ ತಲೆಯಾಡಿಸಿದಳು. ಮಾಯವ್ವ ಮಾತ್ರ ಗೋಡೆಗೆ ಒರಗಿ ಕೂತವಳು ಅಲ್ಲಾಡಲಿಲ್ಲ.

“ನನ್ನ ಕೈ ಕೇಳ್ರಿ, ಕಣ್ಣ ಕೇಳ್ರಿ, ಕೊಡ್ತೀನಿ. ಕಾಲಿಂದು ತಗದು ಕೂಸಿನ ಮಾರಿಗೆ ಹಚ್ಚತೀನಿ ಅಂತೀರಿ. ಇದು ಹೆಂಗ್ರಿ? ನಾಳಿ ಆಕಿ ಬೆಳದ ಮ್ಯಾಲೆ, ನನ್ನ ಮಾರ್ಯಾಗ ಚಪ್ಪಲಿ ಹೊಲಿಯಾಕಿ ಕಾಲೈತಿ ಅಂತ ಅನ್ಕೊಂಡ್ರ?”

“ಅವ್ವಾ, ಕಣ್ಣು ಹೋಗೂದು ನೋಡ್ಕೊಂತ ಕೂಡೂಣೇನು?” ಸುವರ್ಣಾ ರೇಗಿದಳು. “ನಿನ್ನ ಮಡಿ ಮೈಲಿಗಿ ಕಟ್ಕೊಂಡು ನನಗೇನಾಗಬೇಕೈತಿ!”

“ಮಡಿ ಅಲ್ಲವಾ ಇದು. ಮರ್ಯಾದಿ.”

ಇಂದುಮತಿ ವಿಜ್ಞಾನವನ್ನು ಬದಿಗಿಟ್ಟಳು. ಮುದುಕಿಯ ಹತ್ತಿರ ಸರಿದು ಕೂತು, “ಮಾಯವ್ವಾರ, ಹಬ್ಬದ ದಿವಸ ಕೇತಕಿ ನಿಮಗ ನಮಸ್ಕಾರ ಮಾಡ್ತಾಳಲ್ಲ, ಹೆಂಗ ಮಾಡ್ತಾಳ?” ಎಂದು ಕೇಳಿದಳು.

“ಹೆಂಗಂದ್ರ? ಕಾಲು ಮುಟ್ಟಿ ಕಣ್ಣಿಗೊತ್ಕೊಂತಾಳ.”

“ನಿಮ್ಮ ಕಾಲು ಆಕಿ ಕಣ್ಣಿಗೆ ಈಗೂ ಮುಟ್ಟತದಲ್ಲ?”

ಮಾಯವ್ವ ತನ್ನ ಪಾದದ ಕಡೆ ನೋಡಿಕೊಂಡಳು. ಅಡಿಗೆಮನೆಯ ಬಾಗಿಲಲ್ಲಿ ಕೇತಕಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. “ಆಯಿ,” ಎಂದಳು ಆ ಹುಡುಗಿ. ಆ ಕಡೆ ಅಜ್ಜಿಗೆ ಹಾಗೆನ್ನುತ್ತಾರೆ. “ನಿಂಗ ನೋವಾಗತೈತಿ?”

“ಇಲ್ಲ ನನ್ನ ಬಂಗಾರ,” ಎಂದ ಮಾಯವ್ವ ಇಂದುಮತಿಯ ಕಡೆ ತಿರುಗಿದಳು. “ಬಲಗಾಲಿಂದು ತಗೋರಿ. ಎಡಗಾಲು ನನ್ನ ಹೊಟ್ಟಿ ಹೊರಿಯೂ ಕಾಲು. ಅದನ್ನ ಬಿಡ್ರಿ.”

*

ಸ್ನಾಯುವನ್ನು ಜಾಗ ಬದಲಿಸಿ ಹೊಲಿದರೆ ಸಾಲದು, ಅದಕ್ಕೆ ಅಪ್ಪಣೆ ಮುಟ್ಟಬೇಕು. ಕೇತಕಿಯ ಬಲಗಡೆಯ ನರ ಸತ್ತಿತ್ತು. ಅದಕ್ಕಾಗಿ ದಸ್ತಗೀರನ ತಂಡ ಅಕ್ಕಿಕಾಳಿನಷ್ಟು ಯಂತ್ರವೊಂದನ್ನು ಮಾಡಿತ್ತು. ಹೆಸರು ಸೇತು. ಕಿವಿಯ ಹಿಂದೆ ಕೂತು ಅದು ಮುಖದ ಎಡಗಡೆಯ ಜೀವಂತ ನರವನ್ನು ಆಲಿಸುತ್ತದೆ. ಎಡಗಣ್ಣು ಮುಚ್ಚಿದರೆ, ಎಡತುಟಿ ನಕ್ಕರೆ, ಅದೇ ಸುದ್ದಿಯನ್ನು ಬಲಗಡೆಯ ಸ್ನಾಯುವಿಗೆ ದಾಟಿಸುತ್ತದೆ. ಆದರೆ ಪಾದದ ಸ್ನಾಯುವಿಗೆ ಮುಖದ ಮಾತು ತಿಳಿಯದು. ಅದು ಹೊಸ ಮನೆಗೆ ಬಂದ ಸೊಸೆಯಂತೆ. ಮೊದಮೊದಲು ತವರಿನ ಮಾತಿನಲ್ಲೇ ಕರೆಯಬೇಕು, ಆಮೇಲೆ ಈ ಮನೆಯ ಮಾತು ತಾನೇ ಬರುತ್ತದೆ. ಆದ್ದರಿಂದ ಶಸ್ತ್ರಕ್ರಿಯೆಗೆ ಮುಂಚೆ ಮಾಯವ್ವನ ನರ ಆ ಸ್ನಾಯುವಿನೊಡನೆ ಹೇಗೆ ಮಾತಾಡುತ್ತದೆ ಎಂದು ದಾಖಲಿಸಿಕೊಳ್ಳಬೇಕಿತ್ತು.

ತಣ್ಣನೆಯ ಬಿಳಿ ಕೋಣೆಯಲ್ಲಿ ಎತ್ತರದ ಕುರ್ಚಿ. ಎದುರಿಗೆ ಇಂದುಮತಿ, ದಸ್ತಗೀರ, ಇನ್ನಿಬ್ಬರು ಡಾಕ್ಟರರು. ಮಾಯವ್ವ ಕುರ್ಚಿಯ ತುದಿಯಲ್ಲಿ ಕೂತು ಕಾಲನ್ನು ಆದಷ್ಟೂ ಒಳಗೆ ಮಡಚಿಕೊಂಡಿದ್ದಳು. “ಬೆರಳು ಎತ್ರಿ ಮಾಯವ್ವಾರ,” ಎಂದಳು ಇಂದುಮತಿ. ಬೆರಳುಗಳು ಎದ್ದಂತೆ ಮಾಡಿ ಮಲಗಿದವು. “ಇನ್ನೊಮ್ಮೆ.” ಮತ್ತೆ ಅಷ್ಟೇ. ಪರದೆಯ ಮೇಲೆ ಸಣ್ಣ ಸಣ್ಣ ಅಲೆ ಬಂದವು.

“ಸಣ್ಣದವ, ಆದ್ರ ಸಾಕ್ರಿ,” ಎಂದ ದಸ್ತಗೀರ. “ನಾ ದೊಡ್ಡದು ಮಾಡ್ಕೊಂತೀನಿ.”

ಶಸ್ತ್ರಕ್ರಿಯೆ ಏಳು ತಾಸು ನಡೆಯಿತು. ಮಾಯವ್ವನ ಪಾದ ತೆರೆದಾಗ ಇಂದುಮತಿ ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಜೀವಮಾನವಿಡೀ ಸತ್ತ ನಾರನ್ನು ಕಂಡ ಕಣ್ಣಿಗೆ ದಾಸವಾಳದಷ್ಟು ಕೆಂಪಾದ ಮಾಂಸ, ಅದರಿಂದ ಹೊರಟ ನಾಲ್ಕು ಮಿನುಗುವ ಎಳೆ. ದೇಹ ಇದನ್ನು ಎಲ್ಲರಿಗೂ ಕೊಟ್ಟಿತ್ತಲ್ಲ, ಕೇಳದೆಯೇ ಕೊಟ್ಟಿತ್ತಲ್ಲ ಎಂದುಕೊಂಡಳು. ಒಂದು ಎಳೆ ಕೇತಕಿಯ ಕಣ್ರೆಪ್ಪೆಗೆ, ಒಂದು ಕೆನ್ನೆಗೆ, ಎರಡು ತುಟಿಯ ಅಂಚಿಗೆ. ಹೊಲಿಗೆ ಮುಗಿದಾಗ ರಕ್ತ ಸರಾಗ ಹರಿಯಿತು. ಇನ್ನು ಉಳಿದದ್ದು ಅದು ಏಳುವುದು. ಅಪ್ಪಣೆಗೆ ಓಗೊಡದ ಸ್ನಾಯು ತೊಂಬತ್ತು ದಿನದಲ್ಲಿ ಕೊಬ್ಬಾಗಿ ಕರಗುತ್ತದೆ. ಆಮೇಲೆ ಬ್ರಹ್ಮ ಬಂದರೂ ಏಳುವುದಿಲ್ಲ.

*

ಇಪ್ಪತ್ತನೆಯ ದಿನ ಸೇತುವನ್ನು ಚಾಲೂ ಮಾಡಿದರು. ಕಂಟ್ರೋಲ್ ರೂಮಿನ ಪರದೆಯಲ್ಲಿ ಎರಡು ಗೆರೆ: ಮೇಲಿನದು ಸೇತು ಕಳಿಸುವ ಅಪ್ಪಣೆ, ಕೆಳಗಿನದು ಸ್ನಾಯು ಕೊಡುವ ಉತ್ತರ. ಮೇಲಿನದು ಕುಣಿಯುತ್ತಿತ್ತು, ಕೆಳಗಿನದು ಮಲಗಿತ್ತು. ಗಾಯ ಹಸಿ ಇದೆ, ಕಾಯೋಣ ಎಂದರು. ನಲವತ್ತನೆಯ ದಿನವೂ ಮಲಗಿತ್ತು. ದಸ್ತಗೀರ ಅಪ್ಪಣೆಯನ್ನು ಹತ್ತು ಪಟ್ಟು ಜೋರು ಮಾಡಿದ, ನೂರು ಪಟ್ಟು ಮಾಡಿದ. ಕೇತಕಿಗೆ ಕಿವಿಯ ಹಿಂದೆ ಚುರುಗುಟ್ಟಿತೇ ಹೊರತು ಕೆನ್ನೆ ಮಿಸುಕಲಿಲ್ಲ. ಅರವತ್ತರ ಹೊತ್ತಿಗೆ ಅವನು ಯಾರನ್ನೂ ಛೇಡಿಸುವುದನ್ನು ಬಿಟ್ಟಿದ್ದ. ಎಪ್ಪತ್ತನೆಯ ದಿನದ ಚಿತ್ರದಲ್ಲಿ ಸ್ನಾಯುವಿನ ಅಂಚು ಬೆಳ್ಳಗಾಗತೊಡಗಿತ್ತು. ಇದು ಕೊಬ್ಬಾಗುತ್ತಿದೆ, ತೆಗೆದುಬಿಡಿ ಎಂದು ಮೇಲಿನವರ ಚೀಟಿ ಬಂತು.

ಕೇತಕಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಪ್ರತಿ ಸಲ ತಪಾಸಣೆ ಮುಗಿದ ಮೇಲೆ ಅವಳು ಪರದೆಯ ಕೆಳಗಿನ ಗೆರೆಯನ್ನು ನೋಡಿ, ಆಮೇಲೆ ಇಂದುಮತಿಯ ಮುಖ ನೋಡುತ್ತಿದ್ದಳು. ಇಂದುಮತಿಗೆ ಆ ಕಣ್ಣನ್ನು ಎದುರಿಸುವುದು ದಿನದಿನಕ್ಕೆ ಕಷ್ಟವಾಯಿತು. ಮಾಯವ್ವ ಊರಿಗೆ ಹೋಗಿದ್ದಳು. ಅವಳಿಗೆ ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಇದು ಎಂದುಕೊಂಡು, ಎಪ್ಪತ್ತೆಂಟನೆಯ ದಿನ ಇಂದುಮತಿಯೇ ಅಥಣಿಯ ದಾರಿ ಹಿಡಿದಳು. ನರದ ಅಲೆ ದಾಖಲಿಸುವ ಲ್ಯಾಬಿನ ಪುಟ್ಟ ಪೆಟ್ಟಿಗೆ ಹೆಗಲಲ್ಲೇ ಇತ್ತು. ಅದನ್ನು ಕೆಳಗಿಡುವ ರೂಢಿ ತಪ್ಪಿ ಎಷ್ಟೋ ದಿನವಾಗಿತ್ತು.

ಮಾಯವ್ವನ ಮನೆಯ ಮುಂದೆ ಬೇವಿನ ಮರ, ಅದರ ನೆರಳಲ್ಲಿ ಕಟ್ಟೆ. ಹದ ಮಾಡಿದ ತೊಗಲಿನ ವಾಸನೆ ದಾರಿಯವರೆಗೂ ಬರುತ್ತಿತ್ತು. ಮಾಯವ್ವ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದಳು. ಕರೆಯಬೇಕೆಂದು ಹತ್ತಿರ ಬಂದ ಇಂದುಮತಿ, ಅವಳ ಹೆಗಲಾಚೆ ಕಂಡದ್ದಕ್ಕೆ ಹಾಗೇ ನಿಂತುಬಿಟ್ಟಳು.

ಮುದುಕಿಯ ಎಡಗಾಲು ಮುಂದಕ್ಕೆ ನೀಟಾಗಿ ಚಾಚಿತ್ತು. ತೊಗಲಿನ ಮೂರು ತೆಳ್ಳನೆಯ ಎಳೆಗಳ ತುದಿ ಕಾಲ್ಬೆರಳುಗಳ ಸಂದಿಯಲ್ಲಿ ಸಿಕ್ಕಿದ್ದವು. ಕೈಗಳು ಜಡೆ ಹೆಣೆಯುತ್ತಿದ್ದವು. ಕೈ ಎಳೆದಾಗ ಬೆರಳು ಬಿಗಿಹಿಡಿಯುತ್ತಿತ್ತು, ಕೈ ತಿರುಗಿದಾಗ ಒಂದೇ ಒಂದು ಬೆರಳು ಕೂದಲೆಳೆಯಷ್ಟು ಎದ್ದು ಒಂದು ಎಳೆಯನ್ನು ಮಾತ್ರ ಸಡಿಲಿಸುತ್ತಿತ್ತು. ಮರುಕ್ಷಣ ಪಕ್ಕದ್ದು, ಆಮೇಲೆ ಹೆಬ್ಬೆರಳು. ಪಾದದ ಮೇಲಿನ ಉಬ್ಬು ಚರ್ಮದಡಿ ನಾಲ್ಕು ಕಡೆ ಬೇರೆ ಬೇರೆಯಾಗಿ ಜಿಗಿಯುತ್ತಿತ್ತು. ಕಲಿತ ಪುಸ್ತಕದಲ್ಲೆಲ್ಲ ‘ಬೆರಳನ್ನು ಎತ್ತುವ ಕಿರುಸ್ನಾಯು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಇಲ್ಲಿ ಅದು ಮಾಡುತ್ತಿದ್ದ ಕೆಲಸಕ್ಕೆ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ. ಇಂದುಮತಿ ಬಂದ ಕೆಲಸ ಮರೆತು ಸುಮಾರು ಹೊತ್ತು ನೋಡಿದಳು.

ಅವಳ ಬೂಟು ಕಲ್ಲಿಗೆ ತಾಗಿ ಸದ್ದಾಯಿತು. ಮಾಯವ್ವ ತಿರುಗಿ ನೋಡಿದಳು. “ಅಯ್ಯ, ಡಾಕ್ಟರ್ ಬಾಯಾರು!” ಅಂದದ್ದೇ ತಡ, ಎಳೆಗಳು ಸಡಿಲಿ ಬಿದ್ದವು, ಕಾಲು ನೆರಿಗೆಯೊಳಗೆ ಮಾಯವಾಯಿತು.

ಇಂದುಮತಿ ಆ ನೆರಿಗೆಯನ್ನೇ ದಿಟ್ಟಿಸಿದಳು. ಬಿಳಿಯ ಕೋಣೆ, ಎತ್ತರದ ಕುರ್ಚಿ, ಒಳಗೆ ಮಡಚಿದ ಕಾಲು ಕಣ್ಣಿಗೆ ಕಟ್ಟಿತು. “ಮಾಯವ್ವಾರ, ಖರೇ ಹೇಳ್ರಿ. ಅವತ್ತು ಲ್ಯಾಬಿನಾಗ ಬೆರಳು ಎತ್ರಿ ಅಂದೆ. ಎತ್ತಿದ್ರಿ?”

ಮಾಯವ್ವನ ಮುಖ ಸಣ್ಣದಾಯಿತು. “ಎತ್ತಿದಂಗ ಮಾಡಿದೆ ನೋಡ್ರಿ. ನಾಕು ಮಂದಿ ದೊಡ್ಡಾವ್ರು ಎದುರಿಗೆ ಕುಂತೀರಿ. ನಿಮ್ಮ ಮಾರಿಗೆ ಕಾಲು ಚಾಚೂದೇನ್ರಿ? ನಮ್ಮವ್ವ ನೋಡಿದ್ರ ಬಡೀತಿದ್ಲು. ಅದಕ್ಕ ಬಿಗಿ ಹಿಡ್ಕೊಂಡು ಕುಂತೆ. ಯಾಕ್ರಿ, ಏನಾತು? ಕೂಸಿಗೆ ಏನಾತ್ರಿ?”

ಇಂದುಮತಿ ಕಟ್ಟೆಯ ಮೇಲೆ ಕೂತಳು. ಎಂಟು ವಾರದಿಂದ ಅವರು ಆ ಸ್ನಾಯುವಿಗೆ ಕಳಿಸುತ್ತಿದ್ದದ್ದು ‘ಏಳು’ ಎಂಬ ಅಪ್ಪಣೆಯಲ್ಲ. ಸಂಕೋಚ. ಮುದುಕಿ ಮೈಯೆಲ್ಲ ಹಿಡಿಮಾಡಿಕೊಂಡು ಕೂತಿದ್ದ ಆ ಹೊತ್ತಿನ ನಾಚಿಕೆಯನ್ನೇ ಹಿಡಿದು, ನೂರು ಪಟ್ಟು ಹಿಗ್ಗಿಸಿ, ಏಳು ವರ್ಷದ ಹುಡುಗಿಯ ಕೆನ್ನೆಯೊಳಗೆ ಸುರಿದಿದ್ದರು. ಬಿಗಿ ಹಿಡಿದುಕೊ, ಬಿಗಿ ಹಿಡಿದುಕೊ ಎಂದು ದಿನವಿಡೀ ಹೇಳಿಸಿಕೊಂಡ ಸ್ನಾಯು ಹೇಳಿದ ಮಾತು ಕೇಳಿ ಬಿಗಿಯಾಗಿ ಕೂತಿತ್ತು. ಅದರ ತಪ್ಪೇನಿದೆ? ಮಾಯವ್ವನ ತಪ್ಪಾದರೂ ಏನು? ತಪ್ಪು ತನ್ನದು, ಕಾಲನ್ನು ನೋಡಿದೆ, ಕಾಲಿನ ಯಜಮಾನಿಯನ್ನು ನೋಡಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಎಲ್ಲವನ್ನೂ ಮಾಯವ್ವನಿಗೆ ಬಿಡಿಸಿ ಹೇಳಿದಳು. ಹನ್ನೆರಡು ದಿನ ಉಳಿದಿವೆ ಎಂಬುದನ್ನೂ ಮುಚ್ಚಿಡಲಿಲ್ಲ. ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಈಗ ಚಾಚತೀನಿ ತಗೋರಿ,” ಎಂದು ಕಾಲು ಹೊರಗೆ ತಂದಳು. ಇಂದುಮತಿ ಪೆಟ್ಟಿಗೆ ತೆರೆದು, ಎರಡೂ ಕಾಲಿನ ಸ್ನಾಯುವಿನ ಮಾತು ಒಂದೇ ಎಂದು, ಎಡಪಾದಕ್ಕೆ ತೆಳ್ಳನೆಯ ಪಟ್ಟಿಗಳನ್ನು ಅಂಟಿಸಿ ಎದುರಿಗೆ ಕೂತಳು. ಮಾಯವ್ವ ಎಳೆ ಹಿಡಿದಳು. ಬೆರಳುಗಳು ಮರಗಟ್ಟಿದವು. ಮನಸ್ಸು ಒಪ್ಪಿದರೂ ಕಾಲು ಒಪ್ಪಲಿಲ್ಲ.

“ಹಿಂಗಲ್ಲ,” ಎಂದಳು ಇಂದುಮತಿ. ಬಗ್ಗಿ ತನ್ನ ನಡೆಬೂಟಿನ ಬೀಗ ತೆಗೆದಳು. ಬಿಳಿಚಿಕೊಂಡ ಬರಿಗಾಲನ್ನು ಮಣ್ಣಿನ ಮೇಲಿಟ್ಟಾಗ ಸಣ್ಣ ಕಲ್ಲುಗಳು ಚುಚ್ಚಿ ಕಣ್ಣಲ್ಲಿ ನೀರು ಬಂತು. ಕಟ್ಟೆ ಹಿಡಿದುಕೊಂಡು, ತೂರಾಡುತ್ತ ಸುತ್ತಿ ಹೋಗಿ ಮಾಯವ್ವನ ಹಿಂದೆ, ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. “ಈಗ ನಿಮ್ಮ ಕಾಲಿನ ಮುಂದ ಬೇವಿನ ಗಿಡ ಅಷ್ಟ ಅದ. ಹೆಣೀರಿ.”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಾಯವ್ವನ ಬೆನ್ನು ಸಡಿಲಾದದ್ದು ಇಂದುಮತಿಯ ಬೆನ್ನಿಗೆ ತಿಳಿಯಿತು. ತೊಗಲು ತೊಗಲಿಗೆ ಉಜ್ಜುವ ಸದ್ದು ಶುರುವಾಯಿತು. ಮಡಿಲಲ್ಲಿದ್ದ ಪೆಟ್ಟಿಗೆಯ ಪರದೆಯ ಮೇಲೆ ಮೊದಲ ಅಲೆ ಎದ್ದಿತು. ಲ್ಯಾಬಿನಲ್ಲಿ ಕಂಡದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಾಲ್ಕು ಅಲೆ, ಒಂದರ ಹಿಂದೊಂದು, ಒಂದನ್ನೊಂದು ತುಳಿಯದೆ.

“ಹಿಡಿಯೂದರಾಗ ಏನೂ ಇಲ್ರಿ,” ಬೆನ್ನ ಹಿಂದಿನಿಂದ ಮಾಯವ್ವ ಹೇಳಿದಳು, ತನಗೇ ಹೇಳಿಕೊಂಡಂತೆ. “ಯಾವಾಗ ಎಷ್ಟು ಬಿಡಬೇಕು, ಅದ ಕಷ್ಟ. ನನಗ ಹತ್ತು ವರ್ಷ ಹಿಡೀತು ಅದು ಬರಾಕ.”

ಒಂದು ಜೊತೆ ಚಪ್ಪಲಿಯ ಜಡೆ ಮುಗಿಯುವವರೆಗೆ ಇಬ್ಬರೂ ಹಾಗೇ ಕೂತಿದ್ದರು.

*

ಎಂಬತ್ತನೆಯ ದಿನ ಬೆಳಿಗ್ಗೆ ಕೇತಕಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಸುವರ್ಣಾ ಮಗಳ ಕೈ ಹಿಡಿದು ನಿಂತಳು. ಮಾಯವ್ವನಿಗೆಂದು ಇಂದುಮತಿ ಎದುರಿಗೇ ನೆಲದ ಮೇಲೆ ಚಾಪೆ ಹಾಸಿಸಿದ್ದಳು. ದಸ್ತಗೀರ ಹೊಸ ದಾಖಲೆಯನ್ನು ಸೇತುವಿಗೆ ತುಂಬಿ, “ಬಿಸ್ಮಿಲ್ಲಾ” ಎಂದು ಗುಂಡಿ ಒತ್ತಿದ.

ಮೇಲಿನ ಗೆರೆ ಬೇವಿನ ಮರದಡಿಯ ಲಯದಲ್ಲಿ ಕುಣಿಯತೊಡಗಿತು. ಕೆಳಗಿನದು ಮಲಗಿಯೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಮೂರನೆಯ ನಿಮಿಷಕ್ಕೆ ಕೆಳಗಿನ ಗೆರೆಯಲ್ಲಿ ಒಂದು ನಡುಕ ಬಂತು, ಹೋಯಿತು, ಮತ್ತೆ ಬಂತು. ದಸ್ತಗೀರ ಕುರ್ಚಿಯಿಂದ ಎದ್ದು ನಿಂತ. ಕೇತಕಿಯ ಬಲಗಣ್ಣಿನ ರೆಪ್ಪೆ, ಹದಿನಾಲ್ಕು ತಿಂಗಳಿಂದ ತೆರೆದೇ ಇದ್ದ ರೆಪ್ಪೆ, ನಿಧಾನವಾಗಿ, ಮರೆತುಹೋದ ದಾರಿಯನ್ನು ನೆನಪು ಮಾಡಿಕೊಳ್ಳುವ ಹಾಗೆ ಕೆಳಗಿಳಿದು ಮುಚ್ಚಿತು. ಮತ್ತೆ ತೆರೆಯಿತು.

ಸುವರ್ಣಾ ಅಳುತ್ತಿದ್ದಳು. ಕಾಲಿನಲ್ಲಿ ಹುಟ್ಟಿ, ತೊಗಲಿನ ಎಳೆ ಬಿಡುತ್ತ ಬೆಳೆದದ್ದು ಈಗ ಮಗುವಿನ ಕಣ್ಣಿಗೆ ಬಾಗಿಲಾಗಿ ನಿಂತಿತ್ತು. ಇಂಥದ್ದನ್ನು ಕಣ್ಣಾರೆ ಕಾಣುವ ಪುಣ್ಯ ತನಗೆ ಎಲ್ಲಿಂದ ಬಂತೋ ಎಂದು ಇಂದುಮತಿಗೆ ಅನಿಸಿತು.

“ಇದು ನಾವು ಹೇಳಿದ್ದಕ್ಕ ಎದ್ದದ್ದು ಮೇಡಂ,” ಎಂದ ದಸ್ತಗೀರ ಮೂಗೊರೆಸಿಕೊಳ್ಳುತ್ತ. “ಇನ್ನ ಆಕಿ ತಾನ ನಗಬೇಕು. ಆಕಿ ಎಡಗಡಿ ನಗಲಿಕ್ಕೇ ಬೇಕು, ಅಂದ್ರ ಸೇತು ಬಲಗಡಿಗೆ ದಾಟಸ್ತದ.”

ಅದೇ ಕಷ್ಟವಾಗಿತ್ತು. ನಗು ಎಂದರೆ ಅಂಗೈಯಿಂದ ಮುಚ್ಚಬೇಕಾದದ್ದು ಎಂದು ಕೂಸು ಕಲಿತುಬಿಟ್ಟಿತ್ತು. ಸುವರ್ಣಾ ಏನೇನೋ ಹೇಳಿದಳು, ದಸ್ತಗೀರ ಕೋತಿಯ ಮುಖ ಮಾಡಿದ. ಕೇತಕಿ ತುಟಿ ಬಿಗಿದು ಕೂತಳು. ಅಜ್ಜಿಯ ಕಾಲು ಬಿಗಿ ಹಿಡಿದು ಕೂತಿದ್ದ ಹಾಗೆಯೇ.

“ಮಾಯವ್ವಾರ,” ಇಂದುಮತಿ ಚಾಪೆಯ ಎದುರು ನೆಲದ ಮೇಲೆ ಕೂತು ಹೇಳಿದಳು, “ನೀವೇ ತೋರಸ್ರಿ ಆಕಿಗೆ. ಇಲ್ಲೇ, ನನ್ನ ಮುಂದ. ಕಾಲು ಚಾಚ್ರಿ.”

ಮಾಯವ್ವ ಡಾಕ್ಟರರ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು. ದೇವರೇ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿ, ಎಡಗಾಲನ್ನು ಒಮ್ಮೆಲೇ ಮುಂದಕ್ಕೆ ಚಾಚಿದಳು. ಅದು ಎದುರಿಗೆ ಕೂತಿದ್ದ ಇಂದುಮತಿಯ ಮೊಣಕಾಲಿಗೆ ಹೋಗಿ ಬಡಿಯಿತು. “ತಪ್ಪಾತ್ರೀ!” ಎಂದು ಮಾಯವ್ವ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದಳು. ಅದೇ ಹೊತ್ತಿಗೆ ಇಂದುಮತಿ ಆ ಪಾದವನ್ನು ಮುಟ್ಟಿ ನಮಸ್ಕರಿಸಲು ಬಗ್ಗಿದ್ದಳು. ಇಬ್ಬರ ತಲೆಗಳೂ ಠಣ್ಣೆಂದು ಡಿಕ್ಕಿ ಹೊಡೆದವು.

ಕೇತಕಿ ನಕ್ಕಳು.

ಹೊಟ್ಟೆಯಿಂದ ಉಕ್ಕಿದ ನಗು ಅದು, ತಡೆಯಲು ಅವಳಿಗೂ ಪುರಸೊತ್ತು ಸಿಗಲಿಲ್ಲ. ಕೈ ರೂಢಿಯಂತೆ ಬಾಯಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಬಲಗಡೆಯ ತುಟಿಯ ಅಂಚು ಎದ್ದಿತ್ತು, ಕೆನ್ನೆ ಗುಂಡಗೆ ಉಬ್ಬಿತ್ತು, ಎರಡೂ ಕಣ್ಣು ಒಟ್ಟಿಗೆ ಕಿರಿದಾಗಿದ್ದವು. ಏನೋ ಆಗುತ್ತಿದೆ ಎಂದು ತಿಳಿದು ಕೇತಕಿ ಬೆರಗಾಗಿ ಅಜ್ಜಿಯನ್ನು ನೋಡಿದಳು. “ಆಯಿ,” ಎಂದಳು, “ಒಳಗ ಏನೋ ಜಿಗೀತೈತಿ!”

ಮಾಯವ್ವ ಮೊಣಕಾಲೂರಿ ಹತ್ತಿರ ಸರಿದಳು. ಬೆರಳುಗಳನ್ನು ಮೊಮ್ಮಗಳ ಬಲಗೆನ್ನೆಯ ಮೇಲಿಟ್ಟಳು. ಚರ್ಮದಡಿಯಲ್ಲಿ, ಅರವತ್ತು ವರ್ಷ ತನ್ನ ಪಾದದ ಮೇಲೆ ಕಂಡ ಆ ಪುಟ್ಟ ಜಿಗಿತ ಬೆರಳಿಗೆ ಸಿಕ್ಕಿತು. ಎಳೆ ಬಿಡುವ ಹೊತ್ತಿನ ಜಿಗಿತ. ಬೇರೆ ಯಾರಿಗೆ ಗೊತ್ತಾಗದಿದ್ದರೂ ಅವಳಿಗೆ ಗೊತ್ತಾಗದೆ ಇದ್ದೀತೇ?

“ನಂದಽ ಇದು,” ಎಂದಳು. ಆಮೇಲೆ ಆ ಬೆರಳುಗಳನ್ನು ಮೆಲ್ಲಗೆ ಕೆನ್ನೆಯಿಂದ ತೆಗೆದು, ಕಾಲು ತಾಗಿದಾಗ ಮಾಡುವಂತೆಯೇ, ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು.